ಬದು ದಾಟಿದ ಚರಗ

ನಮ್ಮ ಮಾವ ಯೂರಿಯಾ ಚೀಲಕ್ಕೆ ಬಸ್ಸಿನಲ್ಲಿ ಟಿಕೆಟ್ ತೆಗೆಸಿ ಕಿಟಕಿ ಪಕ್ಕ ಕೂರಿಸಿದ್ದನೆಂದರೆ ನೀವು ನಂಬುವುದಿಲ್ಲ. ನನಗೂ ಪೂರ್ತಿ ನಂಬಿಕೆಯಿಲ್ಲ! ಎಪ್ಪತ್ತರ ದಶಕದ ಮಾತು. ಕೃಷಿ ಪದವಿ ಓದಿ ಎಲ್ಲವನ್ನೂ ಅನುಮಾನಿಸಲು ಕಲಿತ ನಾನು ನನ್ನ ನೆನಪನ್ನಷ್ಟೇ ಹೇಗೆ ಬಿಡಲಿ?

"ಚೀಲಾ ಮ್ಯಾಲ ಹಾಕ್ರಿ," ಎಂದನಂತೆ ಕಂಡಕ್ಟರ್.

"ಮ್ಯಾಲ ನೀ ಕುಂಡ್ರು. ಇದು ಟಿಕೆಟ್ ತಗೊಂಡೈತಿ!"

ಗೊಬ್ಬರ ಸಿಗದ ವರ್ಷ ಅದು. ಸಿಂದಗಿಯ ಅಂಗಡಿ ಮುಂದೆ ಪಾಳಿ ನಿಂತು ಕೊನೆಯ ಚೀಲ ಹೊಡೆದವನು ಮಾವ. ಅವನ ಬೆನ್ನ ಹಿಂದೆಯೇ ನಿಂತು ಬರಿಗೈಲಿ ಮರಳಿದವನು ಅವನ ಅಣ್ಣ, ನನ್ನ ದೊಡ್ಡಮಾವ. ಮೋರಟಗಿಯಲ್ಲಿ ಇಬ್ಬರ ಹೊಲಕ್ಕೂ ಬಾವಿ ಒಂದೇ, ನೀರು ಪಾಳಿಯ ಮೇಲೆ; ನಡುವೆ ಒಂದು ಬದು. ಆ ಬದುವಿನ ಬೇವಿನ ಗಿಡ ಯಾರದೆಂಬ ಜಗಳದಲ್ಲಿ ಇಬ್ಬರ ಮಾತು ಎಂದೋ ಬಂದ್!

ಚೀಲ ತಂದ ದಿನದಿಂದ ಮಾವ ನಿಂತಲ್ಲಿ ನಿಲ್ಲಲಿಲ್ಲ. ಬದುವಿನ ಮೇಲೆ ಅತ್ತಿಂದಿತ್ತ ಓಡಾಟ. ಆಚೆ ಅಣ್ಣನ ಗೋದಿ ಗೊಬ್ಬರವಿಲ್ಲದೆ ಹಳದಿಯಾಗುತ್ತಿತ್ತು.

"ಚೀಲಾ ಬಿಚ್ಚು ಮಾಮಾ. ಚೆಲ್ಲಿದ ದಿನಾನ ನೀರು ಬಿಡಬೇಕು, ಇಲ್ಲಂದ್ರ ಗೊಬ್ಬರ ಗಾಳಿಗೆ ಹೋಗತೈತಿ," ಎಂದು ನಾನು ಕಾಲೇಜಿನ ಪಾಠ ಒಪ್ಪಿಸಿದೆ. "ಬೇಕಾದ್ರ ದೊಡ್ಡಮಾಮಾಗ ಅರ್ಧಾ ಕೊಡು."

"ಕೊಟ್ರ ತಗೋತಾನೇನಲೇ ಅಂವಾ? ಚೀಲಾ ನನ್ನ ತಲಿ ಮ್ಯಾಲೇ ಒಗೀತಾನ!"

ಎಳ್ಳ ಅಮಾವಾಸ್ಯೆ ಬಂತು. ಕಡುಬು, ಭಜ್ಜಿ, ಸಜ್ಜೆ ರೊಟ್ಟಿ ಕಲಸಿ ಭೂಮಿತಾಯಿಗೆಂದು ಹೊಲದ ತುಂಬ ಎರಚುವ ಚರಗದ ದಿನ. ಮಾವನ ಬುಟ್ಟಿಯಲ್ಲಿ ಬಿಳಿ ಕಾಳು ಕಾಳು.

"ಮಾಮಾ, ಇದೇನು?"

"ಉಪ್ಪು. ತಾಯಿಗೆ ಸಪ್ಪಗ ಉಣಸಬೇಕೇನಲೇ?"

"ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕುತ್ತ ಎಸೆದ. ಎಸೆದದ್ದೆಲ್ಲ ಬದು ದಾಟಿಯೇ ಬಿತ್ತು! ಬುಟ್ಟಿ ಖಾಲಿಯಾದರೆ ಗಾಡಿಯ ಮರೆಗೆ ಹೋಗಿ ತುಂಬಿಕೊಂಡು ಬರುವನು. ಚರಗ ಬಿದ್ದರೆ ಬೇಡ ಎನ್ನುವವರುಂಟೇ? ಆಚೆ ಉಣ್ಣುತ್ತಿದ್ದ ದೊಡ್ಡಮಾವ ತಲೆಯೆತ್ತಲಿಲ್ಲ.

"ಕೈ ತಪ್ಪಾಕತ್ತೈತಿ ನಿಂದು ಮಾಮಾ," ಎಂದೆ.

"ವಯಸ್ಸಾತಲ್ಲೋ," ಎಂದ. ನಲವತ್ತೂ ದಾಟಿರಲಿಲ್ಲ ಆಸಾಮಿ!

ಆಮೇಲೆ ಬದುವಿನ ಆಚೆ ಒಂದು ಪಟ್ಟಿ ಕಡುಹಸಿರು. ಈಚೆ ಮಾವನದೇ ಒಂದು ಪಟ್ಟಿ ಹಳದಿ. ಇದನ್ನು ಕಂಡೆನೋ, ಮುಂದೆ ಕಟ್ಟಿಕೊಂಡೆನೋ? ಗೊತ್ತಿಲ್ಲ. ಒಂದನ್ನು ಮಾತ್ರ ಖಾತ್ರಿ ಮಾಡಿಕೊಂಡಿದ್ದೇನೆ. ಇಬ್ಬರೂ ತೀರಿಹೋದ ಮೇಲೆ ದೊಡ್ಡಮಾವನ ಹೆಂಡತಿ ದೊಡ್ಡತ್ತೆಯನ್ನು ಕೇಳಿದೆ: ಆ ಉಪ್ಪಿನ ಗುಟ್ಟು ನಿಮಗೆ ಗೊತ್ತಿರಲಿಲ್ಲವೇ?

"ಗೊತ್ತಿಲ್ದ ಏನಪಾ? ಅವತ್ತ ಬಾವಿ ಪಾಳಿ ನಮ್ಮದಿತ್ತು. ಉಂಡ ಕೈ ತೊಳಕೊಂಡವರೇ ನಿಮ್ಮ ದೊಡ್ಡಮಾವ, ಮೊದಲಿನ ನೀರು ಆ ಬದುವಿನ ಕಡೇನ ಬಿಟ್ರು."