ಡಬ್ಬಿ, ಬಾಣ ಮತ್ತು ತಪಾಸಣೆ

ಸೀಮೆಸುಣ್ಣ ಹಿಡಿದಷ್ಟು ವರ್ಷ ನನಗೆ ಯಾವ ಫಜೀತಿಯೂ ಇರಲಿಲ್ಲ. ಶಾಲೆಗೆ ಕಂಪ್ಯೂಟರ್ ಬಂದ ಮೇಲೆ ವಾರಕ್ಕೊಂದು ಗ್ಯಾರಂಟಿ.

೧. ಮೂರೇ ಡಬ್ಬಿ

ಉಣಕಲ್ಲಿನ ನಮ್ಮ ಶಾಲೆಗೆ ಸೋಮವಾರ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹೆಡ್‌ಮಾಸ್ತರರು ನನ್ನನ್ನು ಕರೆದರು. "ವಿಜ್ಞಾನದ ಪಾಠ ನಿಮ್ಮದೇ ನೋಡ್ತಾರಂತ್ರಿ ಟೀಚರ್. ಪರಿಕಲ್ಪನಾ ನಕ್ಷೆ ಮಾಡೂ ಸಾಫ್ಟ್‌ವೇರ್ ಹುಡುಕ್ರಿ. ಫುಕಟ್ ಇರಬೇಕು ಮತ್ತ."

ಒಂದೊಂದು ವಿಷಯವನ್ನು ಡಬ್ಬಿಯೊಳಗೆ ಬರೆದು, ಬಾಣ ಎಳೆದು ಸಂಬಂಧ ತೋರಿಸುವುದೇ ಆ ನಕ್ಷೆ. ಇಷ್ಟಕ್ಕೆ ಸಾಫ್ಟ್‌ವೇರ್ ಯಾಕೆಂದು ನನಗೆ ಸಿಟ್ಟೇ ಬಂತು. ಆದರೆ ಸಾಹೇಬರ ಮುಂದೆ ಇಷ್ಟು ವರ್ಷದ ಹೆಸರು ಕೆಡಿಸಿಕೊಳ್ಳುವ ಧೈರ್ಯವಿರಲಿಲ್ಲ.

ಒಂದು ಸಿಕ್ಕಿತು. ಬೇರು, ಕಾಂಡ, ಎಲೆ ಹಾಕಿದೆ. ನಾಲ್ಕನೇ ಡಬ್ಬಿಗೆ ರೊಕ್ಕ ಕೇಳಿತು. ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿ, "ಹೂವು ಬ್ಯಾಡ್ರಿ. ಗಿಡ ಇನ್ನೂ ಸಣ್ಣದೈತಿ ಅಂತ ಹೇಳ್ರಿ" ಎಂದರು.

೨. ಬಿಟ್ಟುಹೋದ ಡಬ್ಬಿ

ಮೂರು ದಿನ ತಡಕಾಡಿದ ಮೇಲೆ ನಿಜವಾಗಿ ಪುಕ್ಕಟೆ ಇರುವ ಒಂದು ಸಿಕ್ಕಿತು. ಕನ್ನಡವೂ ಮೂಡುತ್ತಿತ್ತು. ಸ್ಟಾಫ್‌ರೂಮಿನಲ್ಲಿ ಜಲಚಕ್ರ ಮಾಡಿ ತೋರಿಸಿದೆ: ಕೆರೆ, ಆವಿ, ಮೋಡ, ಮಳೆ, ನಲ್ಲಿ. ಗಣಿತದ ಸರ್ ಬಹಳ ಹೊತ್ತು ನೋಡಿ, "ಛಲೋ ಐತ್ರಿ. ಆದ್ರ ಮಳಿಗೂ ನಲ್ಲಿಗೂ ನಡುವ ನಮ್ಮೂರಾಗ ನೀರಿಗೆ ಎಂಟು ದಿನ ಕಾಯೂ ಡಬ್ಬಿ ಬಿಟ್ಟೀರಲ್ರಿ" ಎಂದರು.

೩. ಅತ್ತೆಯ ನಕ್ಷೆ

ರವಿವಾರ ಶಾಲೆಯ ಲ್ಯಾಪ್‌ಟಾಪ್ ಮನೆಗೆ ತಂದು ಅಭ್ಯಾಸ ಮಾಡುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. "ಬೀಗರ ಸಂಬಂಧಾನೂ ಇದರಾಗ ಬರ್ತದೇನವಾ? ಹಂಗಾರ ಮೊದಲ ನಿನ್ನ ಮೈದುನಂದು ಹಾಕು. ಯಾವ ಕಡಿಯಿಂದ ಹೆಣ್ಣ ಸಿಗ್ತಾವು ನೋಡೂಣು."

ಬೇಡವೆನ್ನಲಾದೀತೇ? ನಡುವೆ 'ನಮ್ಮ ಹುಡುಗ, ಬ್ಯಾಂಕ್ ನೌಕರಿ'. ಸುತ್ತ ಸುಳ್ಳ ಊರಿನ ಹತ್ತಿ ವ್ಯಾಪಾರದ ಕಾಕಾ, ಅಮರಗೋಳದ ಸೋದರಮಾವ. ಕೊನೆಯ ಬಾಣದ ತುದಿಗೆ 'ಹೆಣ್ಣು' ಎಂದು ಬರೆದು ಮುಂದಿನ ಡಬ್ಬಿ ಖಾಲಿ ಬಿಟ್ಟೆವು.

ಸೋಮವಾರ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಜಲಚಕ್ರವೆಂದು ನಾನು ಒತ್ತಿದೆ. ಪರದೆಯ ಮೇಲೆ ಅತ್ತೆಯ ಬಳಗವೆಲ್ಲ ಬಂದು ನಿಂತಿತು. ಮಕ್ಕಳು ಗೊಳ್ಳೆಂದರು. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ನಕ್ಷೆ ಮುಚ್ಚಲು ಹೋದರೆ ಅದು ಇನ್ನೂ ದೊಡ್ಡದಾಯಿತು.

ಸಾಹೇಬರು ಎದ್ದು ಬಂದು ಒಂದೊಂದೇ ಡಬ್ಬಿಗೆ ಬೆರಳಿಟ್ಟು ಓದಿದರು. "ಈ ಸುಳ್ಳದ ಕಾಕಾ ನಮಗೂ ಬೇಕಾದವರ್ರಿ" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಈ ಡಬ್ಬಿ ಇನ್ನೂ ಖಾಲಿನ ಐತೇನ್ರಿ?"

"ಹೌದ್ರಿ ಸರ್."

"ನಮ್ಮ ಮಗಳು ಎಂ.ಎಸ್ಸಿ. ಮುಗಿಸ್ಯಾಳ್ರಿ. ಬಾಣಾ ನಮ್ಮ ಮನಿ ಕಡೆ ತಿರುಗಿಸ್ರಿ."