ಎಬ್ಬಿಸಿದ ಅತ್ತೆ

ಶಿವರುದ್ರಪ್ಪನವರ ಮಾತನ್ನು ಈ ಭೂಮಂಡಲದಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂದರೆ ತಪ್ಪಾದೀತು. ಕೋಥರೂಡದ ಅವರ ಸೊಸೈಟಿಯ ಲಿಫ್ಟು ಕೇಳುತ್ತಿತ್ತು, ನಾಲ್ಕು ಸಲ ಗುಂಡಿ ಒತ್ತಿದರೆ. ಉಳಿದಂತೆ ಮಾರ್ಕೆಟ್ ಯಾರ್ಡಿನ ಅವರ ಬೆಲ್ಲದ ಅಂಗಡಿಯಲ್ಲಿ ಹಮಾಲರು ‘ಶೇಠ್, ಜರಾ ಬಾಜೂಲಾ ವ್ಹಾ’ ಎಂದು ಮರಾಠಿಯಲ್ಲಿ ಗದರಿ ಮಾಲೀಕರನ್ನೇ ಮೂಟೆಯಂತೆ ಪಕ್ಕಕ್ಕೆ ಸರಿಸಿ ಮೂಟೆ ಇಳಿಸುತ್ತಿದ್ದರು. ಮನೆಯಲ್ಲಿ ಟಿವಿಯ ರಿಮೋಟು ಹೆಂಡತಿ ನಾಗವ್ವನವರ ಸೊಂಟದಲ್ಲಿ ಕೀಲಿಗೊಂಚಲಿನ ಜೊತೆಗೇ ವಾಸವಾಗಿತ್ತು. (ಟಿವಿ ಬಂದ ಹನ್ನೊಂದು ವರ್ಷದಲ್ಲಿ ಶಿವರುದ್ರಪ್ಪನವರು ತಮ್ಮಿಷ್ಟದ ಕಾರ್ಯಕ್ರಮ ನೋಡಿದ್ದು ಒಮ್ಮೆ ಮಾತ್ರ. ಅಂದು ಕರೆಂಟು ಇರಲಿಲ್ಲ; ಕಣ್ಣು ಮುಚ್ಚಿ ನೋಡಿದ್ದರು.)

ಇಂಥವರ ಕೈಗೆ ಒಂದು ಸೈನ್ಯ ಬಂತು.

ಸೈನ್ಯ ಬಂದದ್ದು ಹೀಗೆ. ಮಗಳು ರೇಣು, ಅವಳ ಕಾಲೇಜಿನ ಗೆಳತಿ ದೀಪಾಲಿ ಮತ್ತು ಡೆಕ್ಕನ್ ಬಡಾವಣೆಯಲ್ಲಿ ಹೋಟೆಲು ನಡೆಸುವ ಸದಾನಂದರ ಮಗ ಅಕ್ಷಯ, ಈ ಮೂವರು ಪ್ರತಿ ರವಿವಾರ ಮಧ್ಯಾಹ್ನ ಹಜಾರದಲ್ಲಿ ಒಂದು ಆಟ ಆಡುತ್ತಿದ್ದರು. ಪಗಡೆಯಂತೆ ದಾಳ ಇತ್ತು, ಆದರೆ ಅದಕ್ಕೆ ಇಪ್ಪತ್ತು ಮುಖ. ಅಕ್ಷಯ ಸೂತ್ರಧಾರ. ಅವನು ಕತೆ ಹೇಳಬೇಕು, ಉಳಿದವರು ಕತೆಯೊಳಗಿನ ವೀರರಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು, ಮಾಡಿದ್ದು ಫಲಿಸಿತೋ ಇಲ್ಲವೋ ದಾಳ ಹೇಳಬೇಕು; ಹೆಚ್ಚು ಬಿದ್ದರೆ ಫಲಿಸಿತು, ಕಡಿಮೆ ಬಿದ್ದರೆ ಇಲ್ಲ. ದೀಪಾಲಿ ಇಂದಾಪುರಕ್ಕೆ ಅಕ್ಕನ ಬಾಣಂತನಕ್ಕೆ ಹೋದದ್ದೇ ಅವಳ ಜಾಗ ಖಾಲಿಯಾಯಿತು. ಅವಳ ಪಾತ್ರವೋ ಪ್ರೇತಮಾಂತ್ರಿಕಳದು. ಸತ್ತವರನ್ನು ಎಬ್ಬಿಸಿ ಆಳುಗಳಾಗಿ ದುಡಿಸಿಕೊಳ್ಳುವ ಕಸುಬು.

“ಅಪ್ಪಾ, ನೀ ಬಂದು ಕೂಡು. ಏನೂ ಮಾಡೂದಿಲ್ಲ, ಬರೇ ಹುಕುಂ ಕೊಡೂದು,” ಎಂದಳು ರೇಣು.

“ಅವರು ಕೇಳ್ತಾರ?”

“ಕೇಳಲೇಬೇಕು ಅಂಕಲ್,” ಎಂದ ಅಕ್ಷಯ. “ಎಬ್ಬಿಸಿದವರ ಮಾತು ಕೇಳಬೇಕೂಂತ ನಿಯಮವೇ ಉಂಟು.”

ಶಿವರುದ್ರಪ್ಪನವರ ಕಣ್ಣಲ್ಲಿ ನೀರು ಬಂತು. ಅಂಥ ನಿಯಮ ಎಲ್ಲಿಯಾದರೂ ಇದೆಯೆಂದು ಐವತ್ತಾರು ವರ್ಷದಲ್ಲಿ ಅವರಿಗೆ ಒಬ್ಬರೂ ಹೇಳಿರಲಿಲ್ಲ. ಅಕ್ಷಯನ ಕತೆಯಲ್ಲಿ ಕಪ್ಪು ಬೆಟ್ಟದ ಮೇಲೆ ಒಂದು ಕೋಟೆ, ಅದರಲ್ಲಿ ಒಬ್ಬ ದೈತ್ಯ. ಅವನನ್ನು ಓಡಿಸಿದವರೇ ಅದರ ಒಡೆಯರು. ಒಡೆತನ! ಆ ವಾರವೆಲ್ಲ ಅವರು ಬೆಲ್ಲದ ಪೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಬುರುಜು ಕಟ್ಟಿ ನೋಡಿದರು. ಹಮಾಲರು ಅದನ್ನೂ ಪಕ್ಕಕ್ಕೆ ಸರಿಸಿದರು.

ರವಿವಾರ ಬಂತು. “ಅಂಕಲ್, ಮೊದಲು ಹನ್ನೆರಡು ಅಸ್ಥಿಪಂಜರ ಎಬ್ಬಿಸಬೇಕು. ಸ್ಮಶಾನ ಹೇಗುಂಟು, ವರ್ಣಿಸಿ. ಒಳ್ಳೇದು ವರ್ಣಿಸಿದರೆ ದಾಳಕ್ಕೆ ಎರಡು ಹೆಚ್ಚು ಕೊಡ್ತೇನೆ,” ಎಂದ ಅಕ್ಷಯ.

“ಹೆಣಾ ಇಡೀ ಸಿಗಬೇಕಲ್ಲೋ ತಮ್ಮಾ? ನಿಮ್ಮ ಮಂದಿ ಸುಟ್ಟು ಕೈ ತೊಳಕೊಂತೀರಿ. ನಮ್ಮಲ್ಲಿ ಹಂಗಲ್ಲ. ಕೂಡ್ರಿಸಿ, ವಿಭೂತಿ ಹಚ್ಚಿ ಮಣ್ಣು ಮಾಡ್ತಾರ. ಮಾಲಿನಾಗ ಒಂದ ಎಲುಬು ಕಮ್ಮಿ ಇರಂಗಿಲ್ಲ!” ಎಂದು ಶಿವರುದ್ರಪ್ಪನವರು ಸೊಂಟಕ್ಕೆ ಕೈಯಿಟ್ಟರು.

ವ್ಯಾಪಾರಿಯಾದ ಅವರಿಗೆ ಕಲ್ಪನೆಯ ಅಭ್ಯಾಸ ಇರಲಿಲ್ಲ. ಆದ್ದರಿಂದ ಕಂಡ ಸ್ಮಶಾನವನ್ನೇ ವರ್ಣಿಸಿದರು. ಅವರು ಚೆನ್ನಾಗಿ ಕಂಡದ್ದು ಜಮಖಂಡಿಯಲ್ಲಿ ಹೆಂಡತಿಯ ತವರಿನವರ ಸ್ಮಶಾನ. ಮೂವತ್ತು ವರ್ಷದ ಅಳಿಯತನದಲ್ಲಿ ಅಲ್ಲಿಗೆ ಎಷ್ಟು ಸಲ ಹೋಗಿದ್ದರೆಂದರೆ, ಅಲ್ಲಿಯ ಬೇಲಿಯ ಬಳಿ ಮೇಯುವ ಕತ್ತೆ ಅವರನ್ನು ಗುರುತು ಹಿಡಿಯುತ್ತಿತ್ತು. ಮುರಿದ ಕಾಂಪೌಂಡು, ಒಣಗಿದ ಬಾವಿ, ಹುಣಸೆಯ ಮರ, ಮೂರನೆಯ ಸಾಲು, ಎಲ್ಲ ಬಂತು. “ಆ ಸಾಲಿನಾಗಿನ ಹನ್ನೆರಡೂ ಮಂದಿ ಏಳ್ರಿ!” ಎಂದು ದಾಳ ಒಗೆದರು.

ಹದಿನೆಂಟು! “ಎದ್ದರು!” ಎಂದು ಅಕ್ಷಯ ಕೂಗಿದ.

ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ನಾಗವ್ವ ಮೊರದ ಸಮೇತ ಹೊರಗೆ ಬಂದರು.

“ಏನ್ರೀ, ಹುಣಚಿ ಗಿಡದ ಬಾಜೂ ಮೂರನೇ ಸಾಲಂದ್ರಿ?”

“ಹೂಂ. ಯಾಕ?”

“ಅಲ್ಲಿ ನಮ್ಮವ್ವ ಅದಾಳ್ರೀ!”

ಅಕ್ಷಯ ಮೆಲ್ಲನೆ ಪುಸ್ತಕದಲ್ಲಿ ಬರೆದುಕೊಂಡ. “ಹಾಗಾದ್ರೆ ಅವರೂ ಎದ್ದರು, ಮಾರಾಯ್ರೆ. ಹೆಸರು?”

“ಕಾಶವ್ವ,” ಎಂದು ನಾಗವ್ವ ಅಲ್ಲೇ ಕುಳಿತರು. ಮೊರ ಕೆಳಗಿಟ್ಟು, “ಹ್ಯಾಂಗ ಅದಾಳಪ್ಪಾ?” ಎಂದರು.

ಅಕ್ಷಯ ದಾಳ ಹಾಕಿ ನೋಡಿದ. “ಆರಾಮ ಇದ್ದಾರೆ ಆಂಟಿ. ಸ್ವಲ್ಪ ಸೊರಗಿದ್ದಾರೆ ಅಷ್ಟೆ.”

ಇಲ್ಲಿ ಒಂದು ಸಂಗತಿ ಹೇಳಬೇಕು. ಕಾಶವ್ವ ಬದುಕಿದ್ದಾಗ ಅತ್ತೆ ಅಳಿಯ ನೇರವಾಗಿ ಒಂದು ಮಾತೂ ಆಡಿದವರಲ್ಲ. ಮರ್ಯಾದೆಯ ಮನೆತನ. ಅತ್ತೆ ಬಾಗಿಲ ಹಿಂದೆ ತಲೆಯ ತುಂಬ ಸೆರಗು ಹೊದ್ದು ನಿಂತು ‘ಅವರಿಗೆ ಇನ್ನೊಂದ ಹೋಳಿಗಿ ಹಾಕು’ ಎನ್ನುವರು. ಅಳಿಯ ಗೋಡೆಯ ಕಡೆ ಮುಖ ಮಾಡಿ ‘ಸಾಕಂತ ಹೇಳು’ ಎನ್ನುವರು. ನಡುವೆ ನಾಗವ್ವ ತಂತಿ ಕಚೇರಿ. ಹೀಗೆ ಇಪ್ಪತ್ತೆರಡು ವರ್ಷ. ತಂತಿ ತಲುಪುವಷ್ಟರಲ್ಲಿ ಎಲೆಗೆ ಹೋಳಿಗೆ ಬಿದ್ದಿರುತ್ತಿತ್ತು.

“ಹುಕುಂ ಕೊಡಿ ಅಂಕಲ್,” ಎಂದ ಅಕ್ಷಯ.

ಎದುರಿಗೆ ಎಲುಬೇ ಇರಲಿ, ಅತ್ತೆ ಅತ್ತೆಯೇ. ಶಿವರುದ್ರಪ್ಪನವರು ಗೋಡೆಯ ಕಡೆ ತಿರುಗಿ, “ನಿಮ್ಮವ್ವನ ಬಿಟ್ಟು ಉಳದ ಹನ್ನೊಂದು ಮಂದಿ ಮುಂದ ನಡೀರಿ,” ಎಂದರು.

“ಭಾಳ ಶಾಣ್ಯಾರ ನೀವು! ಅವರೆಲ್ಲಾ ನಮ್ಮ ಕಾಕಾ, ಮಾವ, ಬಾಜೂ ಮನಿ ಮಂದಿ. ನಮ್ಮವ್ವ ಹೆಜ್ಜಿ ಎತ್ತದ ಅವರು ಎತ್ತಾರ?” ಎಂದರು ನಾಗವ್ವ. ಅಕ್ಷಯ ಹಾಕಿದ ದಾಳವೂ ಎತ್ತಾರೆ ಎನ್ನಲಿಲ್ಲ.

“ಹಂಗಾದ್ರ ನೀನ ಹೇಳು ನಿಮ್ಮವ್ವಗ. ಕೋಟೀ ಉತ್ತರದ ಬಾಗಲಾ ಮುರೀಬೇಕಂತ.”

ನಾಗವ್ವ ಖಾಲಿ ಕುರ್ಚಿಯೊಂದರ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು. “ಎವ್ವಾ, ಬಾಗಲಾ ಮುರೀಬೇಕಂತ. ನೀ ಏನ ಮುರೀಬ್ಯಾಡ, ನಿನ್ನ ಮಳಕಾಲ ನಂಗ ಗೊತ್ತದಾವ. ಒಳಗ ಯಾರರ ಹೆಣಮಕ್ಕಳಿದ್ರ ಹೆಸರ ಹಿಡದ ಕೂಗು.”

“ಅಯ್ಯ, ನಾ ಹಂಗ ಹೇಳಿಲ್ಲ!”

“ನೀ ಸುಮ್ನಿರಪ್ಪಾ,” ಎಂದಳು ರೇಣು. “ಅವ್ವ ಆಡ್ಲಿ.”

ಅಕ್ಷಯ ತಲೆ ಕೆರೆದುಕೊಂಡ. ದೈತ್ಯನಿಗೆ ಹೆಂಡತಿ ಇದ್ದಾಳೋ ಎಂದು ಅವನು ಯೋಚಿಸಿರಲಿಲ್ಲ. ಅಲ್ಲೇ ಒಬ್ಬಳನ್ನು ಹುಟ್ಟಿಸಿದ, ದಾಳ ಹಾಕಿದ. ಇಪ್ಪತ್ತು! ಬಾಗಿಲು ತೆರೆಯಿತು. ಕಾಶವ್ವ ಹನ್ನೊಂದು ಮಂದಿಯೊಡನೆ ಒಳಗೆ ಹೋದರು. ದೈತ್ಯನ ಹೆಂಡತಿ ಚಾಪೆ ಹಾಸಿದಳು. ಹನ್ನೆರಡು ಮಂದಿ ಬಂದಿದ್ದಾರೆ, ಊಟ ಮಾಡಿಯೇ ಹೋಗುತ್ತಾರೆ ಎಂಬ ಸುದ್ದಿ ತಿಳಿದ ದೈತ್ಯ ‘ಕಾಯಿಪಲ್ಲೆ ತರುತ್ತೇನೆ’ ಎಂದು ಚೀಲ ಹಿಡಿದು ಹಿತ್ತಿಲ ಬಾಗಿಲಿಂದ ಹೊರಬಿದ್ದವನು ಏಳು ಬೆಟ್ಟ ದಾಟುವ ತನಕ ಹಿಂತಿರುಗಿ ನೋಡಲಿಲ್ಲ. ಒಂದು ಹನಿ ರಕ್ತ ಸುರಿಯದೆ ಕೋಟೆ ಬಿತ್ತು.

“ಗೆದ್ದಿರಿ ಅಂಕಲ್! ಸಿಂಹಾಸನ ನಿಮ್ಮದೇ,” ಎಂದ ಅಕ್ಷಯ. ಶಿವರುದ್ರಪ್ಪನವರು ಬನಿಯನ್ನಿನಲ್ಲೇ ಎದೆಯುಬ್ಬಿಸಿದರು. “ಒಂದೇ ಕೆಲಸ ಬಾಕಿ ಉಂಟು. ಎಬ್ಬಿಸಿದವರನ್ನು ವಾಪಸು ಕಳಿಸಬೇಕು. ಸತ್ತವರು ಇರೋ ಕೋಟೆಯಲ್ಲಿ ಬದುಕಿದವನಿಗೆ ಪಟ್ಟ ಇಲ್ಲ. ‘ಹೋಗಿ’ ಅಂತ ನೀವೇ ಹೇಳಬೇಕು. ಮೊದಲು ಕಾಶವ್ವನವರಿಗೆ, ಅವರು ಹೊರಟರೆ ಉಳಿದವರೂ ಹೊರಡ್ತಾರೆ.”

ಶಿವರುದ್ರಪ್ಪನವರು ಹೆಂಡತಿಯ ಮುಖ ನೋಡಿದರು. “ನಿಮ್ಮವ್ವಗ ನೀನ ಹೇಳು…”

“ನಾ ಹೇಳಂಗಿಲ್ಲ,” ಎಂದರು ನಾಗವ್ವ. “ಬಾಗಲಾ ಮುರಿ ಅಂದ್ರಿ, ಹೇಳಿದೆ. ಹೆತ್ತಾಕಿಗೆ ಎದ್ದ ಹೋಗು ಅಂತ ಯಾವ ಬಾಯಿಲೆ ಹೇಳ್ಲಿ? ಎಂಟ ವರ್ಷಕ್ಕ ಒಮ್ಮೆ ಬಂದಾಳ. ನೀವ ಹೇಳ್ರಿ, ನಾನೂ ಕೇಳತೀನಿ.”

ಸಿಂಹಾಸನ ಮೂರೇ ಹೆಜ್ಜೆ ದೂರದಲ್ಲಿ ಹೊಳೆಯುತ್ತಿತ್ತು. ಅವರು ಖಾಲಿ ಕುರ್ಚಿಯನ್ನು ನೋಡಿದರು. ಕುರ್ಚಿಯೂ ಅವರನ್ನು ನೋಡಿದಂತಾಯಿತು. ಸೆರಗು ಎಳೆದುಕೊಂಡಂತೆಯೂ ಆಯಿತು. ಶಿವರುದ್ರಪ್ಪನವರು ಗೋಡೆಯ ಕಡೆ ತಿರುಗಿ ಹೇಳಿದರು:

“ಬಂದಾರ… ಇನ್ನೊಂದ ನಾಕ ದಿನ ಇರ್ಲಿ ಅಂತ ಹೇಳು.”

“ಎವ್ವಾ, ಕೇಳಿದಿ? ಇರು ಅಂತಾರ!” ನಾಗವ್ವನವರ ಮುಖ ಅರಳಿತು. ಕೂಡಲೇ ಅಕ್ಷಯ ಬರೆದಿಟ್ಟಿದ್ದ ಕೋಟೆಯ ನಕಾಶೆಯನ್ನು ತಮ್ಮ ಕಡೆ ಎಳೆದುಕೊಂಡು ಬೆರಳಿಟ್ಟು ವ್ಯವಸ್ಥೆ ಮಾಡತೊಡಗಿದರು. “ಸಿಂಹಾಸನದ ಖೋಲಿ ಗಾಳಿ ಬೆಳಕ ಚೊಲೋ ಅದ, ಅದು ಅವ್ವಗ. ಕಾಕಾಗೋಳು ಹಜಾರದಾಗ. ಆ ದೈತ್ಯನ ಹೇಂತಿ, ಪಾಪ, ಎಲ್ಲಿಗೆ ಹೋದಾಳು, ಆಕಿನೂ ಇರ್ಲಿ. ಏನ್ರೀ, ನೀವು ಕೋಟಿ ಹೊರಗ ಬಾಗಲಾ ಮುಂದಿನ ಪಾವಟಿಗಿ ಮ್ಯಾಲ ಮಕ್ಕೊಳ್ರಿ. ಹೆಣಮಕ್ಕಳಿರೋ ಮನಿ.”

ಪ್ರೇತಮಾಂತ್ರಿಕರು ಸೂತ್ರಧಾರನ ಕಡೆ ನೋಡಿದರು. ಸೂತ್ರಧಾರನು ಪುಸ್ತಕವನ್ನು ಮೂರು ಸಲ ಮಗುಚಿ ಹಾಕಿದ.

“ಹೊರಗೆ ತುಂಬ ಚಳಿ ಉಂಟು ಅಂಕಲ್,” ಎಂದ ಕೊನೆಗೆ, ಕನಿಕರದಿಂದ. “ಒಳಗೆ ಬಿಡ್ತಾರಾ ನೋಡುವ. ದಾಳ ಹಾಕಿ.”

ಹಾಕಿದರು. ಎರಡು.