ಚಕ್ಕುಬಂದಿ ಇಲ್ಲದ ಚಕ್ರವರ್ತಿಗಳು

ತಾಳಿ, ಸ್ವಲ್ಪ ತಾಳಿ! ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಇತಿಹಾಸ ಕಲಿಸೋಣ, ಅದಕ್ಕೆ ಯಾವ ಪುಸ್ತಕ ಒಳ್ಳೆಯದು ಅಂತ ನೀವೂ ಹುಡುಕುತ್ತಿದ್ದರೆ, ಪುಸ್ತಕ ತರಿಸುವ ಮುಂಚೆ ಮೂಡಲಗಿಯ ನಮ್ಮ ಕಾಕಾನ ಕಥೆ ಕೇಳಿಬಿಡಿ. ಹನ್ನೊಂದು ಮಂದಿ ಚಕ್ರವರ್ತಿಗಳನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸಿದ ಮನುಷ್ಯ ಆತ. ಕಾರಣ? ಒಬ್ಬರಿಗೂ ಸರಿಯಾದ ಚಕ್ಕುಬಂದಿ ಇರಲಿಲ್ಲ!

ಕಾಕಾ ನೌಕರಿಯನ್ನೆಲ್ಲ ಹುಕ್ಕೇರಿ ಕಡೆ ಹೊಲ ಅಳೆಯುವುದರಲ್ಲೇ ಕಳೆದವನು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ಹಳ್ಳವೋ ರಸ್ತೆಯೋ, ದಕ್ಷಿಣಕ್ಕೆ ಏನು, ಇದೇ ಚಕ್ಕುಬಂದಿ. ಇದು ಇಲ್ಲದಿದ್ದರೆ ಹೊಲ ಹೊಲವೇ ಅಲ್ಲ ಅನ್ನುವುದು ಆತನ ಮತ. ನಿವೃತ್ತಿಯಾದ ಮೇಲೆ ಅಳೆಯಲು ಹೊಲ ಸಿಗದೆ ಉಳಿದದ್ದನ್ನೆಲ್ಲ ಅಳೆಯತೊಡಗಿದ. ಕನ್ನಡಕ ಕಳೆದರೆ ಆತನ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಿಂದಲೇ ಕೂಗಬೇಕು: "ಪೂರ್ವಕ್ಕ ರೇಡಿಯೋ, ಪಶ್ಚಿಮಕ್ಕ ತಾಮ್ರದ ಚರಿಗಿ, ನಡುವ ಐತಿ ನೋಡ್ರಿ!" ಇಷ್ಟಾದರೂ ಆತ ನಗುವುದಿಲ್ಲ. ತಮಾಷೆ ಮಾಡುತ್ತಿಲ್ಲವಲ್ಲ, ಯಾಕೆ ನಗಬೇಕು?

ನಾನು ಯಾರು ಅಂದಿರಾ? ಗೋಕಾಕದವಳು, ಆತನ ಅಣ್ಣನ ಮಗಳು. ಕಲಿತದ್ದು ಬಿ.ಕಾಂ. ಇತಿಹಾಸದಲ್ಲಿ ನನ್ನ ಪದವಿ ಸೊನ್ನೆ, ಹುಚ್ಚು ಮಾತ್ರ ನೂರಕ್ಕೆ ನೂರು. ಮೊಬೈಲಿನಲ್ಲಿ ನೋಡಿ, ಗ್ರಂಥಾಲಯದಲ್ಲಿ ತಡಕಾಡಿ, ಸಿಕ್ಕಿದ್ದನ್ನೆಲ್ಲ ಓದಿ ನನಗೆ ನಾನೇ ಮೇಷ್ಟ್ರಾದವಳು. ಅದಕ್ಕೇ ಈ ಕೆಲಸ ನನ್ನ ಕೊರಳಿಗೆ ಬಿತ್ತು.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕಾಕಾನ ಒಬ್ಬಳೇ ಮಗಳು ಸುಮಕ್ಕ. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಸುಮಕ್ಕನ ಮಗಳು ಶ್ರಾವಣಿಗೆ ಈಗ ಎಂಟು. ತಾಯಿ ಹೋದ ಮೇಲೆ ಆ ಹುಡುಗಿ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಬೆಳಿಗ್ಗೆ ಪಾಟೀಚೀಲ ಕಂಡರೆ ಮೈ ಕಾಯುತ್ತಿತ್ತು. ಸ್ವಲ್ಪ ದಿನ ಮನೆಯಲ್ಲೇ ಕಲಿಸಿ ಎಂದರು ಡಾಕ್ಟರು. ಕಾಕಾ ಹೋಗಿ ಮೂಡಲಗಿಗೆ ಕರೆತಂದ. ಅವಳ ಅಪ್ಪ ಸಂಕೇಶ್ವರದಲ್ಲಿ ಸಕ್ಕರೆ ಕಾರ್ಖಾನೆಯ ನೌಕರ. ಮನೆಯಲ್ಲಿ ಆತನ ತಾಯಿ ಇದ್ದಾರೆ. ಆದರೂ ಮಗಳನ್ನು ತನ್ನ ಹತ್ತಿರ ಇಟ್ಟುಕೊಳ್ಳುವ ಮಾತನ್ನು ಆತ ಎತ್ತುತ್ತಿರಲಿಲ್ಲ. ಯಾಕೆ ಎಂದು ನಾವೂ ಕೇಳುತ್ತಿರಲಿಲ್ಲ.

ದೀಪಾವಳಿಗೆ ಬಂದಾಗ ಆತ ತಲೆ ತಗ್ಗಿಸಿಕೊಂಡೇ ಹೇಳಿದ: "ಮಾವಾರ, ಯುಗಾದಿ ತನಕಾ ನೋಡತೇನ್ರಿ. ಅಷ್ಟರಾಗ ಕಲಿಕಿ ಒಂದ ದಾರಿಗೆ ಬಂತಂದ್ರ ಇಲ್ಲೇ ಇರ್ಲಿ. ಇಲ್ಲಂದ್ರ ಹಾಸ್ಟೆಲ್ ಸಾಲಿಗೆ ಹಾಕತೇನಿ."

ಕಾಕಾ ಮರುದಿನ ನನಗೆ ಫೋನು ಮಾಡಿದ. "ಲೆಕ್ಕ ನಾ ಕಲಸ್ತೇನಿ. ಓದೂದು ಬರಿಯೂದು ನಿಮ್ಮ ಕಾಕು ನೋಡ್ಕೋತಾಳ. ಇತಿಹಾಸದ ಪುಸ್ತಕ ನೀ ಆರಸಿಕೊಂಡ ಬಾ. ಈ ಹುಡುಗಿ ಹಾಸ್ಟೆಲಿಗೆ ಹೋಗಬಾರದು."

ನಾನು ಬಸ್ಸಿಗೆ ಕಾಯದೆ ಸ್ಕೂಟಿಯಲ್ಲೇ ಓಡಿದೆ. ಜೊತೆಗೆ ಬಣ್ಣಬಣ್ಣದ ಚಿತ್ರಗಳ ಒಂದು ಪುಸ್ತಕ. ಮೊದಲ ಸಾಲು ಓದಿದೆ: ಒಬ್ಬ ಮಹಾನ್ ಚಕ್ರವರ್ತಿ ಇಡೀ ದೇಶವನ್ನು ಆಳುತ್ತಿದ್ದನು.

"ನಿಲ್ಲಸ್ ತಂಗಿ. ಇಡೀ ಅಂದ್ರ ಎಲ್ಲಿಂದ ಎಲ್ಲೀ ತನಕಾ?"

"ಇಡೀ ಅಂದ್ರ ಇಡೀ, ಕಾಕಾ."

"ಪೂರ್ವಕ್ಕ ಯಾರಿದ್ರು?"

"ಸಮುದ್ರ."

"ಪಶ್ಚಿಮಕ್ಕ?"

"ಅದೂ ಸಮುದ್ರ."

"ದಕ್ಷಿಣಕ್ಕ?"

ನಾನು ಪುಟ ತಿರುಗಿಸಿದೆ. ಇನ್ನೊಂದು ತಿರುಗಿಸಿದೆ. ಆನೆಯ ಚಿತ್ರವಿತ್ತು, ಕಿರೀಟದ ಚಿತ್ರವಿತ್ತು, ದಕ್ಷಿಣ ಇರಲಿಲ್ಲ. "ಅದನ್ನ ಬರದಿಲ್ಲ" ಎಂದೆ.

"ಹಂಗಾರ ನಾಳೆ ದಕ್ಷಿಣದಾಂವ ತಕರಾರ ಮಾಡತಾನ. ಈ ಪುಸ್ತಕ ನಡಿಯೂದಿಲ್ಲ."

ಹೀಗೆ ಒಬ್ಬೊಬ್ಬರೇ ಚಕ್ರವರ್ತಿಗಳು ಬಂದರು, ಒಬ್ಬೊಬ್ಬರೇ ಹೋದರು. ಶ್ರಾವಣಿ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದಳು. ಹನ್ನೊಂದನೆಯವನನ್ನು ಕಳಿಸಿದಾಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಆಕಳಿಸಿದಳೋ, ದೇವರೇ ಬಲ್ಲ.

ನಾನೇನು ಸೋಲುವವಳೇ? ಮುಂದಿನ ವಾರ ಮೊಬೈಲಿನಿಂದ ಜಗತ್ತಿನ ಇತಿಹಾಸದ ಒಂದು ದೊಡ್ಡ ಕೋರ್ಸನ್ನೇ ಇಳಿಸಿಕೊಂಡೆ. ನಾಲ್ಕು ವರ್ಷದ ಪಾಠ, ಈಜಿಪ್ಟಿನಿಂದ ಶುರು. ಕೈಯಿಂದ ಮಾಡಿ ಕಲಿಯಬೇಕಂತೆ, ಸಕ್ಕರೆ ಚೌಕಗಳಿಂದ ಪಿರಮಿಡ್ಡು ಕಟ್ಟಿಸಬೇಕಂತೆ. ಸಕ್ಕರೆ ಚೌಕ ಎಲ್ಲಿಂದ ತರೋಣ? ಊರ ಸುತ್ತ ಗಾಣಗಳಿರುವಾಗ ಬೆಲ್ಲಕ್ಕೇನು ಬರ! ನಾನೂ ಶ್ರಾವಣಿಯೂ ಕೂತು ಬೆಲ್ಲದ ಚೂರುಗಳಲ್ಲಿ ಮೊಣಕಾಲೆತ್ತರದ ಪಿರಮಿಡ್ಡು ಎಬ್ಬಿಸಿದೆವು. ಊಟ ಮಾಡಿ ಬರುವಷ್ಟರಲ್ಲಿ ನಾಲ್ಕೂ ದಿಕ್ಕಿನಿಂದ ಇರುವೆಗಳ ದಂಡು. ಕಾಕು ಪೊರಕೆ ಹಿಡಿದು ಬಂದಳು. ಕಾಕಾ ಕೈ ಅಡ್ಡ ಮಾಡಿದ.

"ಬ್ಯಾಡ, ಬಿಡು. ಕಟ್ಟಿದ್ದನ್ನ ನೋಡ್ಯಾಳ, ಬೀಳೂದನ್ನೂ ನೋಡ್ಲಿ."

"ಹುಳಾ ಬಿದ್ದ ಬೆಲ್ಲಾ ನಾಳೆ ಚಾಕ ಹಾಕತೇನಿ, ಅದನ್ನೂ ನೋಡ್ರಿ!" ಎಂದಳು ಕಾಕು.

ಸಾಮ್ರಾಜ್ಯ ಎರಡು ದಿನದಲ್ಲಿ ಮುಗಿಯಿತು. ಚಹಾ ಯಾರೂ ಕುಡಿಯಲಿಲ್ಲ.

ಮೂರನೆಯದು ನನ್ನ ಅತ್ಯಂತ ಹೆಮ್ಮೆಯ ಉಪಾಯ, ಕಾಲರೇಖೆ. ಗೋಡೆಗೆ ಒಂದು ಉದ್ದನೆಯ ಹಗ್ಗ ಕಟ್ಟಿ, ಅಲ್ಲಲ್ಲಿ ಚೀಟಿ ಸಿಕ್ಕಿಸಿದರೆ ಯಾವುದು ಮೊದಲು ಯಾವುದು ಆಮೇಲೆ ಎಂದು ಮಗುವಿಗೆ ಕಣ್ಣಿಗೆ ಕಟ್ಟುತ್ತದೆ. ಕಾಕಾ ಹಗ್ಗವನ್ನು ನೋಡಿದ. ಒಳಗೆ ಹೋದ. ಅಟ್ಟದಿಂದ ಅಳತೆಯ ಹಳೆಯ ಸರಪಳಿ ಇಳಿಸಿಕೊಂಡು ಬಂದ! ಒಂದು ಸರಪಳಿಗೆ ನೂರು ವರ್ಷ, ಕಟ್ಟೆಯೇ ಈವತ್ತು, ಇಲ್ಲಿಂದ ಹಿಂದಕ್ಕೆ ನಡೆಯೋಣ ಎಂದ. ಸ್ವಾತಂತ್ರ್ಯ ಅಂಗಳದಲ್ಲೇ ಸಿಕ್ಕಿತು. ಗೇಟು ದಾಟಿ, ಹೊಲದ ಬೇಲಿ ದಾಟಿ, ಶಿಲಾಯುಗ ಹುಡುಕುತ್ತ ಬಾಜೂದವರ ಕಬ್ಬಿನೊಳಗೆ ಹೊಕ್ಕೆವು. ಮುಂದೆ ಸರಪಳಿ ಹಿಡಿದ ಕಾಕಾ, ಹಿಂದೆ ಕೆಂಪು ಬಾವುಟ ಹಿಡಿದ ಶ್ರಾವಣಿ, ನಡುವೆ ಕಲ್ಲು ಹೊತ್ತ ನಾನು.

ಹೊಲ ಅಳೆಯುತ್ತಿದ್ದ ಮನುಷ್ಯ ಮತ್ತೆ ಸರಪಳಿ ಹಿಡಿದು ಕಲ್ಲು ನೆಡುತ್ತಿದ್ದಾನೆಂದರೆ ಊರವರು ಏನೆಂದುಕೊಂಡಾರು? ಅರ್ಧ ತಾಸಿನಲ್ಲಿ ಏಳೆಂಟು ಮಂದಿ ಸೇರಿದರು. ಹೊಲದ ಸಾಹೇಬರು, ನಮ್ಮ ಬಾಜೂಮನೆಯ ಮುಸ್ಲಿಂ ಯಜಮಾನರು, ಹೊಲ ತಮ್ಮದೆನ್ನುವ ಉತಾರದ ಕಾಗದಗಳನ್ನು ಎದೆಗೆ ಅವಚಿಕೊಂಡೇ ಓಡಿ ಬಂದರು.

"ಏನ್ರಿ ಸರ್ವೇದವರ, ನೋಟೀಸ್ ಇಲ್ಲ ಏನಿಲ್ಲ, ಕಲ್ಲ ಹುಗ್ಯಾಕತ್ತೀರಿ? ರೋಡ್ ಬರತೈತೋ ಕಾಲಿವಿನೋ?"

"ಎರಡೂ ಅಲ್ರಿ. ಶಿಲಾಯುಗ ಬಂದೈತಿ" ಎಂದ ಕಾಕಾ, ಮುಖದ ಒಂದು ಗೆರೆಯೂ ಅಲುಗದಂತೆ.

ಸಾಹೇಬರು ಕಾಗದ ಮಡಚಿ ಹತ್ತಿರ ಸರಿದರು. "ಪರಿಹಾರ ಏನರ ಕೊಡತಾರೇನ್ರಿ?"

ಆವತ್ತು ಶ್ರಾವಣಿ ನಕ್ಕಳು! ಕಬ್ಬಿನ ನಡುವೆ ಬಾವುಟ ಬಿಟ್ಟು ಕೂತು ನಕ್ಕಳು. ಎರಡು ವರ್ಷದ ಮೇಲೆ ಕೇಳಿದ ನಗು. ಕಾಕಾ ಮೂಗು ಒರೆಸಿಕೊಂಡು ಸರಪಳಿ ಸುತ್ತಿದ. ಆದರೆ ನಗುವನ್ನು ಅಳಿಯನಿಗೆ ತೋರಿಸುವುದು ಹೇಗೆ? ಯುಗಾದಿಗೆ ಎರಡೇ ವಾರ ಉಳಿದಿತ್ತು, ಪುಸ್ತಕ ಇನ್ನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಹೆಳವರ ಅಜ್ಜ ಬಂದರು. ನಮ್ಮ ಕಡೆ ಹೆಳವರು ಗೊತ್ತಲ್ಲ? ಕೆಲವು ವರ್ಷಕ್ಕೊಮ್ಮೆ ಮನೆಮನೆಗೆ ಬಂದು, ಆ ಮನೆತನದ ತಲೆಮಾರುಗಳನ್ನೆಲ್ಲ ಪುಸ್ತಕ ನೋಡಿ ಹಾಡಿದಂತೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವವರು. ಮುಂಚೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನ ಮೇಲೆ. ಪುಸ್ತಕ ಮಾತ್ರ ಅದೇ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದು. ಅಜ್ಜ ಒಂದೆರಡು ತಲೆಮಾರು ಹೇಳಿದ್ದೇ ತಡ, ಕಾಕಾ ಎದ್ದು ನಿಂತ. ನಮ್ಮ ಹಿರಿಯರು ಯಾವ ಊರಿನಿಂದ ಯಾಕೆ ಎದ್ದರು, ದಾರಿಯಲ್ಲಿ ನೆಲೆಸಿದ ಮಮದಾಪುರದಲ್ಲಿ ಹಳ್ಳದ ಯಾವ ಮಗ್ಗುಲಿಗೆ ಮನೆ ಕಟ್ಟಿದರು, ಎಲ್ಲ ಇತ್ತು ಅದರಲ್ಲಿ.

"ಸಿಕ್ತು ತಂಗಿ, ಸಿಕ್ತು! ಇದ ಪಾಠಪುಸ್ತಕ. ಅಜ್ಜಾರ, ಬರೂ ಆಯ್ತವಾರ ಮತ್ತ ಬರ್ರಿ. ಅಳಿಯಂದ್ರನ್ನ ಕರಸ್ತೇನಿ."

ನನಗೂ ಹಿಗ್ಗು. ಮೊದಲು ಮನೆಯ ಇತಿಹಾಸ, ಆಮೇಲೆ ಊರಿನದು, ಆಮೇಲೆ ದೇಶದ್ದು. ಇದಕ್ಕಿಂತ ಒಳ್ಳೆಯ ಕ್ರಮ ಯಾವ ಪಂಡಿತ ಬರೆದಾನು?

ಭಾನುವಾರ ಅಳಿಯ ಬಂದ. ಹಾಸ್ಟೆಲಿನ ಅರ್ಜಿ ಜೇಬಿನಲ್ಲೇ ಇತ್ತು. ಅಜ್ಜ ಪುಸ್ತಕ ಬಿಚ್ಚಿದರು. ಅವರು ಒಂದೊಂದು ಹೆಸರು ಹೇಳಿದಂತೆ ಶ್ರಾವಣಿ ಅದನ್ನೇ ತಿರುಗಿ ಹೇಳಿದಳು, ಗಟ್ಟಿಯಾಗಿ, ತಡವರಿಸದೆ. ಏಳು ತಲೆಮಾರು! ಮಗಳ ದನಿಯನ್ನು ಆತ ಇಷ್ಟು ದೊಡ್ಡದಾಗಿ ಕೇಳಿ ಎಷ್ಟು ಕಾಲವಾಗಿತ್ತೋ. ಗೆದ್ದೆವು ಅಂದುಕೊಂಡೆ ನಾನು.

ಕಾಕಾನ ಹೆಸರು ಬಂತು. ಅಜ್ಜ ಓದುವುದನ್ನು ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡು, ಬೆರಳನ್ನು ನಮ್ಮಪ್ಪನ ಹೆಸರಿಗೂ ನನ್ನ ಅಣ್ಣಂದಿರ ಹೆಸರಿಗೂ ಸರಿಸಿದರು.

"ಅಜ್ಜಾ, ನಮ್ಮವ್ವ ಎಲ್ಲಿ?" ಎಂದಳು ಶ್ರಾವಣಿ.

"ಹೆಣ್ಣಮಕ್ಕಳನ್ನ ಇದರಾಗ ಬರಿಯೂದಿಲ್ಲವ್ವಾ. ನಮ್ಮ ಹಿರ್ಯಾರು ಹಂಗ ಮಾಡ್ಕೊಂಡ ಬಂದಾರ."

"ಮತ್ತ ಮುತ್ಯಾನ ಹೆಸರಿನ ಮುಂದ ಏನೋ ಬರದೀರೆಲ್ಲ?" ಎಂದು ಕಾಕಾನತ್ತ ಬೆರಳು ಮಾಡಿದಳು.

ಕಾಕಾನೇ ಬಗ್ಗಿ ಓದಿದ. "ಇಲ್ಲಿಗೆ ನಿಂತಿತು ಅಂತ ಐತಿ."

ನನ್ನ ಹೆಸರೂ ಅದರಲ್ಲಿ ಇರಲಿಲ್ಲವೆಂದು ಆಗ ಹೊಳೆಯಿತು. ಅಷ್ಟು ಪುಸ್ತಕಗಳಲ್ಲಿ ತಪ್ಪು ಹುಡುಕಿದ ಕಾಕಾ ಈ ಒಂದನ್ನು ಮಾತ್ರ ಪೂರ್ತಿ ನೋಡದೆ ಒಪ್ಪಿದ್ದ.

ಅಜ್ಜನೇ ಪೆನ್ನು ತೆಗೆದರು. "ಬರಿ ಅಂದ್ರ ಬರೀತೇನ್ರಿ ಯಜಮಾನ್ರ. ಬೈಯ್ಯಾಂವ ನನ್ನ ಬೈಲಿ. ಹೇಳ್ರಿ."

ಕಾಕಾ ಹೇಳತೊಡಗಿದ. ಸುಮಂಗಲಾ, ನಮ್ಮ ಸುಮಕ್ಕ, ಹುಟ್ಟಿದ್ದು ಇದೇ ಮನೆಯಲ್ಲಿ. ಕಪ್ಪೆಗೆ ಹೆದರುತ್ತಿದ್ದಳು. ಎಂಟನೇ ವರ್ಷಕ್ಕೆ ಬೇವಿನ ಗಿಡ ಹತ್ತಿ ಇಳಿಯಲಾಗದೆ ಸಂಜೆಯ ತನಕ ಅಲ್ಲೇ ಕೂತಿದ್ದಳು. ಮದುವೆಯ ತನಕ ಹೇಳಿ ನಿಲ್ಲಿಸಿದ.

"ಮುಂದಿಂದ ನನಗ ಗೊತ್ತಿಲ್ರಿ. ಮುಂದ ಆಕಿ ಸಂಕೇಶ್ವರದಾಗಿದ್ಲು" ಎಂದು ಅಳಿಯನ ಕಡೆ ನೋಡಿದ.

ಎರಡು ವರ್ಷದಲ್ಲಿ ಅಳಿಯ ಈ ಮನೆಯಲ್ಲಿ ಸುಮಕ್ಕನ ಹೆಸರನ್ನು ಒಂದು ಸಲವೂ ಎತ್ತಿರಲಿಲ್ಲ. ಈಗ ಚಾಪೆಯ ಅಂಚನ್ನು ಬಿಡಿಸತೊಡಗಿದ.

"ಸೈಕಲ್ ಕಲತಿದ್ಳರಿ" ಎಂದ ಕಡೆಗೆ. "ನಾ ಡ್ಯೂಟಿಗೆ ಹೋದಮ್ಯಾಲ, ಕಾರ್ಖಾನಿ ರಸ್ತೆದಾಗ. ಬಿದ್ದ ಮೊಣಕಾಲ ಒಡಕೊಂಡ್ಲು. ನನಗ ಹೇಳಲಿಲ್ಲ. ಕುಂಟೂದ ನೋಡಿ ಕೇಳಿದ್ರ, ಹೊಸಾ ಚಪ್ಪಲಿ ಕಚ್ಚೈತಿ ಅಂದ್ಲು."

"ಆಮ್ಯಾಲ?" ಎಂದಳು ಶ್ರಾವಣಿ.

"ಆಮ್ಯಾಲ ನಿನ್ನ ಮುಂದ ಕೂಡಿಸ್ಕೊಂಡ ಸಂತಿಗೆ ಹೋಗತಿದ್ಲು. ನೀ ದಾರೀ ತುಂಬ ಗಂಟಿ ಬಾರಸ್ತಿದ್ದಿ."

"ನಾನ?"

"ನೀನ. ಎಮ್ಮಿ ಸುದ್ದಾ ಬಾಜೂಕ ಸರೀತಿದ್ದೂ."

"ಆಮ್ಯಾಲ?"

ಒಂದೊಂದು 'ಆಮ್ಯಾಲ'ಕ್ಕೂ ಅವಳು ಕಾಕಾನ ಮಗ್ಗುಲಿನಿಂದ ಒಂದೊಂದು ಗೇಣು ಸರಿಯುತ್ತ ಹೋಗಿ ಅಪ್ಪನ ಮೊಣಕಾಲಿಗೆ ತಾಗಿ ಕೂತಳು. ಹೆಳವರ ಅಜ್ಜ ಬರೆಯುತ್ತಲೇ ಇದ್ದರು. ಕಾಕಾ ನೋಡುತ್ತಲೇ ಇದ್ದ.

ಆಮೇಲೆ ನನ್ನ ಕಡೆ ತಿರುಗಿದ. "ತಂಗಿ, ಶ್ರಾವಣಿ ಅರಿವಿ ಚೀಲಕ್ಕ ತುಂಬು."

"ಯಾಕ್ರೀ?" ಎಂದು ಕಾಕು ಗಾಬರಿಯಾದಳು.

"ನನ್ನ ಹತ್ರ ಇದ್ದ ಪಾಠ ಮುಗೀತು. ಉಳದದ್ದು ಇವರ ಹತ್ರ ಐತಿ." ಅಳಿಯನಿಗೆ ಹೇಳಿದ, "ಹಾಸ್ಟೆಲ್ ಬ್ಯಾಡ್ರಿ. ನಿಮ್ಮ ಮನಿಗೇ ಕರ್ಕೊಂಡ ಹೋಗ್ರಿ. ದಿನಾ ಒಂದೊಂದ ಹೇಳ್ರಿ."

"ನನಗ ಹೇಳಾಕ ಆಗತೈತೇನ್ರಿ, ಮಾವಾರ?"

"ಈಗ ಹೇಳಿದ್ರೆಲ್ಲ."

ಆತ ಅಳುತ್ತಿದ್ದ. ಕಾಕಾ ಎದ್ದು ಹೋಗಿ ನೀರು ತಂದುಕೊಟ್ಟ. ಹುಡುಗಿಯನ್ನು ಬಿಡಬಾರದು ಅಂತ ಇಷ್ಟೆಲ್ಲ ಒದ್ದಾಡಿದ ಮನುಷ್ಯ!

ಅಪ್ಪ ಮಗಳ ಬೈಕು ತಿರುವು ದಾಟುವ ತನಕ ಗೇಟಿನ ಹತ್ತಿರ ನಾನೂ ಕಾಕಾನೂ ನಿಂತಿದ್ದೆವು. ಕಾಕಾ ಮೆಲ್ಲಗೆ ಅಂದ: "ಬರೂ ಆಯ್ತವಾರ ಬರತಾಳ. ನನ್ನ ಮಗಳ ಬಗ್ಗೆ ನನಗ ಗೊತ್ತಿಲ್ಲದ್ದನ್ನ ನನಗ ಕಲಸ್ತಾಳ."

ನಿಮ್ಮ ಮನೆಯಲ್ಲಿ ಮಕ್ಕಳಿಗೆ ಇತಿಹಾಸವನ್ನು ಯಾರು ಶುರುಮಾಡಿದರು, ಯಾರ ಕಥೆಯಿಂದ? ಯಾವ ಪುಸ್ತಕದಲ್ಲೂ ಇಲ್ಲದ ಒಬ್ಬರು ನಿಮ್ಮಲ್ಲೂ ಇದ್ದಾರಲ್ಲ, ಅವರ ಬಗ್ಗೆ ಎರಡು ಸಾಲು ನನಗೆ ಬರೆಯಿರಿ. ಶ್ರಾವಣಿ ಬಂದಾಗ ಓದಿ ಹೇಳುತ್ತೇನೆ.